ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಚಾರ್ಜಿಗೆ ಹಾಕ್ತೀರಾ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಓಡಾಡುವವರಿಗೆ ಫೋನ್ ಆಫ್ ಆದರೆ ಅರ್ಧ ಕೆಲಸ ನಿಂತೇ ಹೋಗುತ್ತದೆ. ಟಿಕೆಟ್ ಅದರಲ್ಲೇ, ದುಡ್ಡು ಅದರಲ್ಲೇ, ಆಧಾರ್ ಕೂಡ ಅದರಲ್ಲೇ. ಶಕ್ತಿನಗರದಲ್ಲಿ, ಕುಡತಿನಿಯಲ್ಲಿ ರಾಜ್ಯಕ್ಕೆ ಕರೆಂಟ್ ತಯಾರಿಸುವ ಊರಿನವರು ನಾವು, ಆದರೂ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಫೋನಿನಲ್ಲಿ ಉಳಿದಿರುವುದು 4 ಪರ್ಸೆಂಟ್. ಎದುರಿಗೆ ಗೋಡೆಯ ಮೇಲೆ ಚಾರ್ಜಿಂಗ್ ಪಾಯಿಂಟ್ ಇರುತ್ತದೆ. ಕೈ ಮುಂದೆ ಹೋಗುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಬಂದಿದ್ದ ಫಾರ್ವರ್ಡ್ ನೆನಪಾಗುತ್ತದೆ: ‘ಪಬ್ಲಿಕ್ ಚಾರ್ಜರ್‌ಗೆ ಹಾಕಿದರೆ ಬ್ಯಾಂಕ್ ಖಾತೆ ಖಾಲಿ!’

ಅದರಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ಉಪ್ಪುಖಾರ ಇದೆ. ನನ್ನ ಲೆಕ್ಕದಲ್ಲಿ ಅಪಾಯಗಳ ಸಾಲು ಹೀಗಿದೆ. ಮೊದಲನೆಯದು ಫೋನೇ ಕಳುವಾಗುವುದು. ಎರಡನೆಯದು ಕೆಟ್ಟ ಚಾರ್ಜರ್, ಸಡಿಲ ಸಾಕೆಟ್, ಬಿಸಿಲು ಸೇರಿ ಫೋನ್ ಹಾಳಾಗುವುದು. ವಯರಿನ ಮೂಲಕ ಡೇಟಾ ಕದಿಯುವುದು ಮೂರನೆಯದು. ಎಲ್ಲರೂ ಹೆದರುವುದು ಮಾತ್ರ ಮೂರನೆಯದಕ್ಕೆ. ಮೂರಕ್ಕೂ ಏನು ಮಾಡಬೇಕು ಅಂತ ಕೆಳಗಿದೆ. ಬಹುತೇಕ ಕೆಲಸ ಮನೆಯಲ್ಲೇ ಕೂತು ಮುಗಿಸುವಂಥದ್ದು.

ಮೊದಲು, ವಯರಿನೊಳಗೆ ಏನಿದೆ ನೋಡಿ

ಮನೆಯಲ್ಲಿ ಹಾಳಾದ ಹಳೇ ಯುಎಸ್‌ಬಿ ಕೇಬಲ್ ಇದ್ದರೆ ಮಧ್ಯಕ್ಕೆ ಕತ್ತರಿಸಿ ಸಿಪ್ಪೆ ಸುಲಿಯಿರಿ. ಹಳೇ ತರಹದ ಸಾಮಾನ್ಯ ಕೇಬಲ್ಲಿನಲ್ಲಿ ನಾಲ್ಕು ಸಣ್ಣ ತಂತಿ ಕಾಣುತ್ತವೆ. ಸಾಮಾನ್ಯವಾಗಿ ಕೆಂಪು ತಂತಿಯಲ್ಲಿ 5 ವೋಲ್ಟ್ ಕರೆಂಟ್ ಬರುತ್ತದೆ, ಕಪ್ಪು ಅದರ ಜೋಡಿ. ಉಳಿದ ಹಸಿರು ಮತ್ತು ಬಿಳಿ ತಂತಿ ಡೇಟಾಕ್ಕೆ. ಲ್ಯಾಪ್‌ಟಾಪಿಗೆ ಫೋನ್ ಸಿಕ್ಕಿಸಿ ಮದುವೆ ಫೋಟೊ ಕಾಪಿ ಮಾಡುತ್ತೀರಲ್ಲ, ಅದು ಈ ಹಸಿರು-ಬಿಳಿ ತಂತಿಯಲ್ಲಿ ಹೋಗುತ್ತದೆ. ಟೈಪ್-ಸಿ ಕೇಬಲ್ಲಿನಲ್ಲಿ ತಂತಿ ಜಾಸ್ತಿ ಇರಬಹುದು, ಆದರೆ ವಿಷಯ ಅದೇ: ಕರೆಂಟ್ ಮತ್ತು ಡೇಟಾ ಎರಡಕ್ಕೂ ಒಂದೇ ತೂತು.

ಗೋಡೆಯ ಹಿಂದೆ ಇರುವುದು ಬರೀ ಅಡಾಪ್ಟರ್ ಆದರೆ ಆ ಎರಡು ತಂತಿಯಿಂದ ಏನೂ ಆಗಲ್ಲ. ಅಡಾಪ್ಟರ್ ಬದಲು ಯಾರೋ ಸಣ್ಣ ಕಂಪ್ಯೂಟರ್ ಇಟ್ಟಿದ್ದರೆ ಅದು ನಿಮ್ಮ ಫೋನಿನ ಜೊತೆ ಮಾತಾಡಲು ಪ್ರಯತ್ನಿಸಬಹುದು. ಇದಕ್ಕೆ ಜ್ಯೂಸ್ ಜ್ಯಾಕಿಂಗ್ ಅಂತಾರೆ. 2011ರಲ್ಲಿ ಅಮೆರಿಕದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮಾವೇಶದಲ್ಲಿ ಕೆಲವರು ಒಂದು ಉಚಿತ ಚಾರ್ಜಿಂಗ್ ಕಿಯೋಸ್ಕ್ ನಿಲ್ಲಿಸಿದರು. ಫೋನ್ ಸಿಕ್ಕಿಸಿದ ತಕ್ಷಣ ಕಿಯೋಸ್ಕಿನ ಸ್ಕ್ರೀನ್ ಮೇಲೆ ಎಚ್ಚರಿಕೆ ಬರುತ್ತಿತ್ತು. ಇಡೀ ದಿನ ಸೆಕ್ಯುರಿಟಿ ಬಗ್ಗೆಯೇ ಭಾಷಣ ಕೇಳಿ ಬಂದವರೂ ಹೋಗಿ ಸಿಕ್ಕಿಸಿದ್ದರು, ಚಾರ್ಜ್ ಮುಗಿದಾಗ ಎಲ್ಲರೂ ಒಂದೇ! 2013ರಲ್ಲಿ ಜಾರ್ಜಿಯಾ ಟೆಕ್ ಸಂಶೋಧಕರು ಚಾರ್ಜರ್ ವೇಷದ ಸಣ್ಣ ಕಂಪ್ಯೂಟರಿನಿಂದ ಐಫೋನಿಗೆ ಒಂದು ನಿಮಿಷದೊಳಗೆ ಕಳ್ಳ ಆ್ಯಪ್ ಹಾಕಿ ತೋರಿಸಿದರು. ಆಮೇಲೆ ಆ್ಯಪಲ್ ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್ 7ರಲ್ಲಿ ‘ಈ ಕಂಪ್ಯೂಟರನ್ನು ನಂಬಬೇಕೇ’ ಅಂತ ಕೇಳುವ ಪಾಪ್-ಅಪ್ ತಂದಿತು. ಆಂಡ್ರಾಯ್ಡ್ ಕೂಡ 6ನೇ ಆವೃತ್ತಿಯಿಂದ, ಅಂದರೆ 2015ರಿಂದ, ಕೇಬಲ್ ಸಿಕ್ಕಿಸಿದರೆ ತಾನಾಗಿ ಚಾರ್ಜ್ ಮಾತ್ರ ಆಗುವಂತೆ ಬದಲಾಯಿತು.

ನಮ್ಮಲ್ಲಿ ಎಸ್‌ಬಿಐ 2019ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರತಂದ ಮೋಸಗಳ ಪುಸ್ತಿಕೆಯಲ್ಲೂ ಇದು ಇದೆ. 2023ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ ಒಂದು ಟ್ವೀಟ್ ಹಾಕಿದ್ದೇ ತಡ, ಜಗತ್ತೆಲ್ಲ ಸುದ್ದಿಯಾಯಿತು. ಆದರೆ 2019ರಲ್ಲಿ ಇದೇ ರೀತಿ ಎಚ್ಚರಿಸಿದ್ದ ಲಾಸ್ ಏಂಜಲೀಸ್‌ನ ಸರ್ಕಾರಿ ವಕೀಲರ ಕಚೇರಿಯನ್ನು ಪತ್ರಕರ್ತರು ವಿಚಾರಿಸಿದಾಗ, ತಮ್ಮ ಬಳಿ ಇಂಥ ಒಂದು ಕೇಸೂ ಇಲ್ಲ ಅಂತ ಹೇಳಿತು. ಅಂದರೆ ಲ್ಯಾಬಿನಲ್ಲಿ ಸಾಧ್ಯ ಅಂತ ಸಾಬೀತಾಗಿದೆ, ಬೀದಿಯಲ್ಲಿ ದಿನಾ ನಡೆಯುವ ಕಳ್ಳತನ ಅಲ್ಲ.

ಹಾಗಂತ ಸುಮ್ನೆ ಬಿಡೋ ಹಾಗೂ ಇಲ್ಲ. 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಚಾಯ್ಸ್‌ಜ್ಯಾಕಿಂಗ್ ಅನ್ನುವ ಹೊಸ ವಿಧಾನ ತೋರಿಸಿದರು. ಕಳ್ಳ ಚಾರ್ಜರ್ ತಾನೇ ಒಂದು ಕೀಬೋರ್ಡ್ ಅಂತ ಫೋನಿಗೆ ಹೇಳಿಕೊಳ್ಳುತ್ತದೆ. ಪಾಪ್-ಅಪ್ ಬಂದಾಗ ನಿಮ್ಮ ಬದಲು ತಾನೇ ‘ಓಕೆ’ ಒತ್ತುತ್ತದೆ. ಐಒಎಸ್ 18.4 ಮತ್ತು ಆಂಡ್ರಾಯ್ಡ್ 15ರಲ್ಲಿ ಇದಕ್ಕೆ ತಡೆ ಬಂದಿದೆ, ಬರೀ ಓಕೆ ಸಾಲದು, ಪಾಸ್‌ವರ್ಡ್ ಅಥವಾ ಬೆರಳಚ್ಚು ಬೇಕು. ಆದರೆ ನಮ್ಮ ಕೈಯಲ್ಲಿರುವ ಎಷ್ಟೋ ಆಂಡ್ರಾಯ್ಡ್ ಫೋನುಗಳಿಗೆ ಅಪ್‌ಡೇಟ್ ತಡವಾಗಿ ಬರುತ್ತದೆ, ಕೆಲವಕ್ಕೆ ಬರೋದೇ ಇಲ್ಲ.

ಮನೆಯಲ್ಲಿ ಮಾಡಿಟ್ಟುಕೊಳ್ಳುವ ಕೆಲಸ

ಒಂದು. ಅಪ್‌ಡೇಟ್ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅಪ್‌ಡೇಟ್ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಇರುತ್ತದೆ. ‘ಸ್ಟೋರೇಜ್ ಇಲ್ಲ’ ಅಂದರೆ ಗುಡ್ ಮಾರ್ನಿಂಗ್ ವಿಡಿಯೊಗಳನ್ನು ಮೊದಲು ಅಳಿಸಿ.

ಎರಡು. ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಡೀಬಗಿಂಗ್ ಆಫ್ ಇದೆಯಾ ನೋಡಿ. ಇದು ಮುಖ್ಯ, ಯಾಕಂದರೆ ಇದು ಆನ್ ಇದ್ದು, ಒಂದು ಸಲ ಅನುಮತಿ ಕೊಟ್ಟುಬಿಟ್ಟರೆ ಕಂಪ್ಯೂಟರ್ ನಿಮ್ಮ ಫೋನಿಗೆ ಆ್ಯಪ್ ಹಾಕಬಹುದು, ಫೈಲ್ ತೆಗೆಯಬಹುದು. ಹೊಸ ಫೋನಿನಲ್ಲಿ ಇದು ಆಫ್ ಆಗಿಯೇ ಇರುತ್ತದೆ. ಆದರೆ ರಿಪೇರಿಗೆ ಕೊಟ್ಟು ಬಂದ ಫೋನು, ಸೆಕೆಂಡ್ ಹ್ಯಾಂಡ್ ಫೋನು, ಅಥವಾ ಯೂಟ್ಯೂಬ್ ನೋಡಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ ತಮ್ಮನ ಫೋನು ಇದ್ದರೆ ಖಂಡಿತ ನೋಡಿ. ಸೆಟ್ಟಿಂಗ್ಸ್‌ನಲ್ಲಿ ‘ಡೆವಲಪರ್ ಆಪ್ಷನ್ಸ್’ ಅಂತ ಹುಡುಕಿ. ಸಿಗಲೇ ಇಲ್ಲ ಅಂದರೆ ಒಳ್ಳೆಯದು, ಮುಂದೆ ಹೋಗಿ. ಸಿಕ್ಕರೆ ಒಳಗೆ ಯುಎಸ್‌ಬಿ ಡೀಬಗಿಂಗ್ ಆಫ್ ಮಾಡಿ, ಅದರ ಹತ್ತಿರವೇ ಇರುವ ‘ರಿವೋಕ್ ಯುಎಸ್‌ಬಿ ಡೀಬಗಿಂಗ್ ಆಥರೈಸೇಷನ್ಸ್’ ಒತ್ತಿ. ಹಳೇ ಅನುಮತಿಗಳೆಲ್ಲ ಹೋಗುತ್ತವೆ. ಕೊನೆಗೆ ಡೆವಲಪರ್ ಆಪ್ಷನ್ಸ್ ಅನ್ನೇ ಆಫ್ ಮಾಡಿ. ಅಲ್ಲೇ ‘ಡಿಫಾಲ್ಟ್ ಯುಎಸ್‌ಬಿ ಕಾನ್ಫಿಗರೇಷನ್’ ಅಂತಲೂ ಇರುತ್ತದೆ, ಯಾರಾದರೂ ಅದನ್ನು ಫೈಲ್ ಟ್ರಾನ್ಸ್‌ಫರ್‌ಗೆ ಬದಲಿಸಿದ್ದರೆ ಆಫ್ ಮಾಡುವ ಮೊದಲು ‘ನೋ ಡೇಟಾ ಟ್ರಾನ್ಸ್‌ಫರ್’ಗೆ ತನ್ನಿ.

ಸ್ಯಾಮ್‌ಸಂಗ್ ಇದ್ದವರಿಗೆ ಒಂದು ಸುಲಭ ದಾರಿ ಇದೆ. ಸ್ಯಾಮ್‌ಸಂಗಿನ ಸಾಫ್ಟ್‌ವೇರ್ ಒನ್ ಯುಐ 6 ಅಥವಾ ಅದಕ್ಕಿಂತ ಹೊಸದು ಇರುವ ಫೋನುಗಳಲ್ಲಿ ‘ಆಟೋ ಬ್ಲಾಕರ್’ ಅಂತ ಇದೆ, ಸೆಕ್ಯುರಿಟಿ ಅಂಡ್ ಪ್ರೈವಸಿ ಒಳಗೆ. ಆನ್ ಮಾಡಿಡಿ, ಕೇಬಲ್ ಮೂಲಕ ಬರುವ ಕಮಾಂಡುಗಳನ್ನೂ, ಸಿಕ್ಕಸಿಕ್ಕ ಕಡೆಯಿಂದ ಬರುವ ಆ್ಯಪುಗಳನ್ನೂ ಅದೇ ತಡೆಯುತ್ತದೆ. ಐಫೋನಿನವರು ಫೇಸ್ ಐಡಿ ಅಂಡ್ ಪಾಸ್‌ಕೋಡ್ ಒಳಗೆ, ಲಾಕ್ ಆಗಿದ್ದಾಗ ಏನೇನಕ್ಕೆ ಅನುಮತಿ ಅನ್ನುವ ಪಟ್ಟಿಯಲ್ಲಿ ‘ಆಕ್ಸೆಸರೀಸ್’ ಆಫ್ ಇದೆಯಾ ನೋಡಿ. ಆಫ್ ಇದ್ದರೆ ಫೋನ್ ಲಾಕ್ ಆಗಿ ಒಂದು ತಾಸು ಆದ ಮೇಲೆ ಡೇಟಾ ಬಾಗಿಲು ಮುಚ್ಚುತ್ತದೆ. ತೀರಾ ಹೊಸ ಐಒಎಸ್‌ನಲ್ಲಿ ಇದೇ ವಿಷಯ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ‘ವೈರ್ಡ್ ಆಕ್ಸೆಸರೀಸ್’ ಅಂತ ಇದೆ.

ಮೂರು. ಲಾಕ್ ಸ್ಕ್ರೀನ್ ಮೇಲೆ ಮೆಸೇಜ್ ಪೂರ್ತಿ ಕಾಣದಂತೆ ಮಾಡಿ. ಚಾರ್ಜಿಗೆ ಇಟ್ಟ ಫೋನಿನ ಸ್ಕ್ರೀನ್ ಮೇಲೆ ಓಟಿಪಿ ಬಂದು ಕೂತರೆ ಪಕ್ಕದವನಿಗೆ ಪಾಸ್‌ವರ್ಡ್ ಯಾಕೆ ಬೇಕು? ನೋಟಿಫಿಕೇಶನ್ಸ್ ಒಳಗೆ ಲಾಕ್ ಸ್ಕ್ರೀನ್ ಆಯ್ಕೆಯಲ್ಲಿ ಇದನ್ನು ಬಚ್ಚಿಡಬಹುದು.

ನಾಲ್ಕು. ಸಿಮ್‌ಗೆ ಪಿನ್ ಹಾಕಿ. ಇದನ್ನು ಮಾಡುವವರು ಬಹಳ ಕಡಿಮೆ, ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಇದಕ್ಕೇ ಬೆಲೆ ಜಾಸ್ತಿ. ಕದ್ದ ಫೋನ್ ಲಾಕ್ ಇದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಪಿನ್ ಇದ್ದರೆ ಆ ದಾರಿ ಬಂದ್. ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಅಂತ ಹುಡುಕಿದರೆ ಸಿಗುತ್ತದೆ. ಮೊದಲ ಸಲ ಆನ್ ಮಾಡುವಾಗ ಹಳೇ ಪಿನ್ ಕೇಳುತ್ತದೆ, ಅದು ಕಂಪನಿ ಕೊಟ್ಟ ಪಿನ್. ಊಹೆ ಮಾಡಿ ಒತ್ತಬೇಡಿ, ಕಸ್ಟಮರ್ ಕೇರ್‌ಗೆ ಕೇಳಿ. ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಪಿಯುಕೆ ಕೋಡ್ ಕೇಳುತ್ತದೆ, ಅದೂ ಹತ್ತು ಸಲ ತಪ್ಪಾದರೆ ಹೊಸ ಸಿಮ್ಮೇ ಗತಿ.

ಐದು. *#06# ಒತ್ತಿ, ಬರುವ 15 ಅಂಕಿಯ ಐಎಂಇಐ ನಂಬರನ್ನು, ಅಂದರೆ ಫೋನಿನ ಗುರುತಿನ ನಂಬರನ್ನು, ಮನೆಯಲ್ಲಿ ಒಂದು ಹಾಳೆ ಮೇಲೆ ಬರೆದಿಡಿ. ಫೋನ್ ಕಳುವಾದರೆ ಬ್ಲಾಕ್ ಮಾಡಿಸಲು ಇದು ಬೇಕು. ಎರಡು ಸಿಮ್ ಫೋನಾದರೆ ಎರಡು ನಂಬರ್ ಬರುತ್ತವೆ, ಎರಡನ್ನೂ ಬರೆಯಿರಿ. ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟು ಏನು ಉಪಯೋಗ, ಅಲ್ವಾ?

ಬ್ಯಾಗಿನಲ್ಲಿ ಇರಬೇಕಾದ್ದು

ನಿಮ್ಮದೇ ಅಡಾಪ್ಟರ್, ನಿಮ್ಮದೇ ಕೇಬಲ್. ಇಷ್ಟಿದ್ದರೆ ಡೇಟಾ ಕಳ್ಳತನದ ಚಿಂತೆಯೇ ಹೋಯಿತು. ಗೋಡೆಯ ಮೂರು ತೂತಿನ ಸಾಕೆಟ್‌ನಿಂದ ನಿಮ್ಮ ಅಡಾಪ್ಟರ್‌ಗೆ ಬರುವುದು ಬರೀ ಕರೆಂಟ್. ಯುಎಸ್‌ಬಿ ತೂತು ಎದುರಿಗೇ ಇದ್ದರೂ ಪಕ್ಕದ ಪ್ಲಗ್ ಪಾಯಿಂಟನ್ನೇ ಹುಡುಕಿ.

ಪವರ್ ಬ್ಯಾಂಕ್ ಇನ್ನೂ ಆರಾಮ. ಆದರೆ ರಸ್ತೆಬದಿ ಸಿಗುವ, ಹಗುರಾಗಿರುವ, ‘50000 ಎಂಎಎಚ್’ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದ ಅಗ್ಗದ್ದು ಬೇಡ. ಡಬ್ಬದ ಮೇಲೆ ‘ರೇಟೆಡ್ ಕೆಪ್ಯಾಸಿಟಿ’ ಅಂತ ಇನ್ನೊಂದು ಚಿಕ್ಕ ಅಂಕಿ ಇರುತ್ತದೆ, ಅದನ್ನು ಓದಿ. ಒಳಗಿನ ಬ್ಯಾಟರಿ ಸುಮಾರು 3.7 ವೋಲ್ಟಿನದು, ಹೊರಗೆ ಕೊಡುವುದು 5 ವೋಲ್ಟ್, ಹಾಗಾಗಿ 10000 ಅಂತ ಬರೆದ ಪವರ್ ಬ್ಯಾಂಕಿನಿಂದ 5000ದ ಫೋನ್ ಎರಡು ಸಲ ಪೂರ್ತಿ ತುಂಬಲ್ಲ. ಬಿಐಎಸ್ ಗುರುತಿನ ಜೊತೆ ‘ಆರ್-’ ಅಂತ ಶುರುವಾಗುವ ನಂಬರ್ ಇರಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು ಅಂತ ತಿಳಿಯುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ನಾಚಿಕೆ ಏನಿಲ್ಲ.

ಡೇಟಾ ಬ್ಲಾಕರ್ ಅಂತ ಹೆಬ್ಬೆರಳಷ್ಟು ಸಣ್ಣ ವಸ್ತು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೇಬಲ್ ಮತ್ತು ಯುಎಸ್‌ಬಿ ತೂತಿನ ಮಧ್ಯೆ ಹಾಕಬೇಕು, ಡೇಟಾ ತಂತಿಗಳು ಅಲ್ಲಿಗೇ ತುಂಡಾಗುತ್ತವೆ. ಫಾಸ್ಟ್ ಚಾರ್ಜಿಂಗ್ ಇದರಲ್ಲಿ ಸಾಮಾನ್ಯವಾಗಿ ಆಗಲ್ಲ. ಎಷ್ಟೋ ಫಾಸ್ಟ್ ಚಾರ್ಜರ್‌ಗಳು ಎಷ್ಟು ಕರೆಂಟ್ ಬೇಕು ಅಂತ ಆ ಡೇಟಾ ತಂತಿಯಲ್ಲೇ ಮಾತಾಡಿಕೊಳ್ಳುತ್ತವೆ, ಅದಕ್ಕೆ. ಅಡಾಪ್ಟರ್ ಒಯ್ಯುವವರಿಗೆ ಇದು ಬೇಕಿಲ್ಲ, ನಾನಂತೂ ಆ ದುಡ್ಡನ್ನು ಒಳ್ಳೇ ಕೇಬಲ್ಲಿಗೆ ಹಾಕುತ್ತೇನೆ. ಚಾರ್ಜ್ ಮಾತ್ರ ಆಗುವ ಕೇಬಲ್ ಕೂಡ ಇದೇ ಕೆಲಸ ಮಾಡುತ್ತದೆ. ನಿಮ್ಮದು ಅಂಥದ್ದಾ ಅಂತ ತಿಳಿಯಬೇಕಾದರೆ ಮನೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಫೋನ್ ಅನ್‌ಲಾಕ್ ಮಾಡಿದರೂ ‘ಫೈಲ್ ಟ್ರಾನ್ಸ್‌ಫರ್’ ಆಯ್ಕೆ ಬರದೆ ಬರೀ ಚಾರ್ಜ್ ಆಗುತ್ತಿದ್ದರೆ ಅದರಲ್ಲಿ ಡೇಟಾ ಇಲ್ಲ.

ಯಾರೋ ಬಿಟ್ಟುಹೋದ ಕೇಬಲ್, ಬಾಕ್ಸಿನಿಂದ ನೇತಾಡುವ ಮೂರು ತಲೆಯ ಕೇಬಲ್ ಮುಟ್ಟದಿರುವುದು ಒಳ್ಳೆಯದು. ನೋಡಲು ಮಾಮೂಲಿ ಕೇಬಲ್ಲಿನಂತೆಯೇ ಇದ್ದು, ತುದಿಯ ಪ್ಲಾಸ್ಟಿಕ್‌ನೊಳಗೆ ವೈಫೈ ಚಿಪ್ ಇರುವ ಓ.ಎಂ.ಜಿ ಕೇಬಲ್ ಅನ್ನುವಂಥದ್ದು ದುಡ್ಡು ಕೊಟ್ಟರೆ ಸಿಗುತ್ತದೆ. ಅಷ್ಟು ದುಬಾರಿ ಕೇಬಲ್ಲನ್ನು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ತೂಗುಹಾಕಲ್ಲ ಬಿಡಿ. ಆದರೆ ನೂರಾರು ಕೈ ಎಳೆದಾಡಿದ ಆ ಕೇಬಲ್ಲಿನ ಪಿನ್ ಬಾಗಿ, ನಿಮ್ಮ ಫೋನಿನ ಚಾರ್ಜಿಂಗ್ ಪೋರ್ಟ್ ಹಾಳಾಗುವುದು ಮಾತ್ರ ಲ್ಯಾಬಿನ ಮಾತಲ್ಲ.

ಸ್ಥಳದಲ್ಲಿ: ಸಿಕ್ಕಿಸುವ ಮುಂಚೆ, ಸಿಕ್ಕಿಸಿದ ಮೇಲೆ

ಮೊದಲು ಸಾಕೆಟ್ ನೋಡಿ. ಸುತ್ತ ಕಪ್ಪಾಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ, ಪ್ಲಗ್ ಹಾಕಿದರೆ ಅಲ್ಲಾಡುತ್ತದಾ, ಚಿಟಚಿಟ ಸದ್ದು ಬರುತ್ತದಾ? ಯಾವುದಾದರೂ ಒಂದು ಇದ್ದರೂ ಬಿಟ್ಟುಬಿಡಿ. ಕೈ ಒದ್ದೆ ಇದ್ದರಂತೂ ಬೇಡವೇ ಬೇಡ. ಫೋನ್ ಮುಟ್ಟಿದಾಗ ಚುಳುಚುಳು ಅಂದರೂ ಅಷ್ಟೇ, ಸ್ವಿಚ್ ಆಫ್ ಮಾಡಿ ತೆಗೆಯಿರಿ.

ಯುಎಸ್‌ಬಿ ತೂತು ಬಿಟ್ಟರೆ ಬೇರೆ ಗತಿ ಇಲ್ಲ ಅನ್ನುವಾಗ ಹೀಗೆ ಮಾಡಿ. ಫೋನನ್ನು ಸ್ವಿಚ್ ಆಫ್ ಮಾಡಿ, ಆಮೇಲೆ ಸಿಕ್ಕಿಸಿ. ಐಫೋನ್ ಆದರೆ ಕೇಬಲ್ ಹಾಕಿದ ಕೂಡಲೇ ತಾನೇ ಆನ್ ಆಗುತ್ತದೆ, ಆದರೂ ಚಿಂತೆ ಇಲ್ಲ, ಪಾಸ್‌ಕೋಡ್ ಹಾಕದೆ ಹಾಗೇ ಬಿಡಿ. ಆನ್ ಇಟ್ಟೇ ಚಾರ್ಜ್ ಮಾಡಬೇಕು ಅಂದರೆ ಮೊದಲು ಲಾಕ್ ಮಾಡಿ, ಆಮೇಲೆ ಕೇಬಲ್ ಹಾಕಿ, ಚಾರ್ಜ್ ಆಗುವಷ್ಟು ಹೊತ್ತು ಅನ್‌ಲಾಕ್ ಮಾಡಬೇಡಿ. ರೀಲ್ಸ್ ಆಮೇಲೆ ನೋಡಿದರಾಯಿತು. ಏರೋಪ್ಲೇನ್ ಮೋಡ್ ಹಾಕಿದರೆ ಸ್ವಲ್ಪ ಬೇಗ ಚಾರ್ಜ್ ಆಗುತ್ತದೆ. ಹಳೇ ಯುಎಸ್‌ಬಿ ತೂತಿನಲ್ಲಿ ಅರ್ಧ ಆಂಪಿಯರ್, ಅಂದರೆ ಬರೀ 2.5 ವ್ಯಾಟ್ ಬರುತ್ತಿರಬಹುದು. ಅಂಥ ಕಡೆ ಅರ್ಧ ಗಂಟೆ ನಿಂತರೂ ಕೆಲವೇ ಪರ್ಸೆಂಟ್ ಏರುತ್ತದೆ.

ಈಗ ಸ್ಕ್ರೀನ್ ಕಡೆ ಗಮನ ಇಡಿ, ಇಲ್ಲಿ ಒಂದು ಒಳ್ಳೇ ಪರೀಕ್ಷೆ ಇದೆ. ಬರೀ ಚಾರ್ಜರ್ ಆದರೆ ಮಿಂಚಿನ ಗುರುತು ಬಂದು ಸುಮ್ಮನಾಗುತ್ತದೆ. ಅದು ನಿಮ್ಮನ್ನು ಏನೂ ಕೇಳಲ್ಲ. ‘ಟ್ರಸ್ಟ್ ದಿಸ್ ಕಂಪ್ಯೂಟರ್’, ‘ಅಲೋ ಯುಎಸ್‌ಬಿ ಡೀಬಗಿಂಗ್’, ‘ಅಲೋ ಆಕ್ಸೆಸ್ ಟು ಫೋನ್ ಡೇಟಾ’ ಇಂಥದ್ದು ಬಂತು ಅಂದರೆ ಆ ಕಡೆ ಇರುವುದು ಬರೀ ಕರೆಂಟ್ ಅಲ್ಲ. ಕಾರಿನ ಮ್ಯೂಸಿಕ್ ಸಿಸ್ಟಮ್, ಟಿವಿ, ಲ್ಯಾಪ್‌ಟಾಪ್ ಆಗಿದ್ದರೆ ಹೀಗೆ ಕೇಳುವುದು ಸಹಜ, ಗೋಡೆ ಕೇಳಿದರೆ ಸಹಜ ಅಲ್ಲ. ‘ಡೋಂಟ್ ಟ್ರಸ್ಟ್’ ಕೂಡ ಒತ್ತಲು ಹೋಗಬೇಡಿ, ಮೊದಲು ಕೇಬಲ್ ಎಳೆಯಿರಿ. ಸ್ಕ್ರೀನ್ ತಾನಾಗಿ ಓಡುತ್ತಿದ್ದರೂ, ಯಾರೂ ಮುಟ್ಟದೆ ಮೆನು ತೆರೆಯುತ್ತಿದ್ದರೂ ಅಷ್ಟೇ. ಎಷ್ಟೋ ಜನ ಚಾರ್ಜ್ ಶುರುವಾಗಲಿ ಅಂತ ಕಣ್ಣು ಮುಚ್ಚಿ ‘ಅಲೋ’ ಒತ್ತುತ್ತಾರೆ. ಒತ್ತದಿದ್ದರೂ ಚಾರ್ಜ್ ಆಗುತ್ತದೆ.

ಇನ್ನು ಕಳ್ಳತನ. ಫೋನನ್ನು ಸಾಕೆಟ್‌ಗೆ ನೇತುಹಾಕಿ, ಎದುರಿನ ಅಂಗಡಿಯಲ್ಲಿ ಮಿರ್ಚಿ-ಮಂಡಾಳು ತಿನ್ನಲು ಹೋಗುವುದು, ಬಂದು ನೋಡಿದರೆ ಕೇಬಲ್ ಮಾತ್ರ ಇರುವುದು, ಇದಕ್ಕೆ ಯಾವ ಹ್ಯಾಕರ್ರೂ ಬೇಕಿಲ್ಲ. ಹುಲಿಗಿಯ ಹುಣ್ಣಿಮೆ, ಕೊಪ್ಪಳದ ಗವಿಮಠದ ಜಾತ್ರೆ, ಅಂಜನಾದ್ರಿಯ ರಜೆ ದಿನದ ಗದ್ದಲದಲ್ಲಿ ಎರಡು ನಿಮಿಷ ಬಿಟ್ಟರೂ ಸಾಕು. ಜಾತ್ರೆಗೆ ಹೋಗುವವರು ಪವರ್ ಬ್ಯಾಂಕನ್ನೇ ಒಯ್ಯಿರಿ, ಫೋನ್ ಜೇಬಿನಿಂದ ಹೊರಗೆ ಬರುವುದೇ ಬೇಡ. ಜೇಬು ಅಂದೆ, ಬಳ್ಳಾರಿ ಜೀನ್ಸ್ ಆದರೆ ಮುಂದಿನ ಜೇಬು.

ಅಂಗಡಿಯಲ್ಲಿ ‘ಅಣ್ಣಾ, ಹತ್ತು ನಿಮಿಷ ಚಾರ್ಜಿಗೆ ಹಾಕ್ಲಾ?’ ಅಂತ ಕೇಳಿದರೆ ನಮ್ಮ ಕಡೆ ‘ಹಾಕ್ರಿ ಅದಕ್ಕೇನು’ ಅಂತಾರೆ. ಅದರಲ್ಲಿ ಅನುಮಾನ ಪಡುವುದೇನಿಲ್ಲ. ನಿಮ್ಮ ಅಡಾಪ್ಟರ್ ಕೊಡಿ, ಫೋನ್ ಕಣ್ಣಿಗೆ ಕಾಣುವಂತೆ ಇಡಿಸಿ. ಆದರೆ ಲಾಕ್ ಕೋಡ್ ಹೇಳಿ ಹೋಗಬೇಡಿ, ‘ಫೋನ್ ಬಂದರೆ ಎತ್ತಲಿ’ ಅನ್ನುವ ಕಾರಣಕ್ಕೂ ಬೇಡ. ಕರೆ ಬಂದರೆ ಲಾಕ್ ತೆಗೆಯದೆಯೇ ಎತ್ತಬಹುದು. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಚಾರ್ಜ್ ಮಾಡ್ತೀನಿ ಅಂದರೆ ಬೇಡ ಅನ್ನಿ.

ರೈಲಿನದು ಸ್ವಲ್ಪ ಬೇರೆ. ಬೋಗಿಯ ಸಾಕೆಟ್‌ನಲ್ಲಿ ಬರುವುದು 110 ವೋಲ್ಟ್. ನಿಮ್ಮ ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ ‘ಇನ್‌ಪುಟ್ 100-240’ ಅಂತ ಇದ್ದರೆ ತೊಂದರೆ ಇಲ್ಲ, ಈಗಿನವೆಲ್ಲ ಹಾಗೇ ಇರುತ್ತವೆ. ಬೆಂಕಿ ಅವಘಡದ ಭಯಕ್ಕೆ 2021ರಲ್ಲಿ ರೈಲ್ವೆಯವರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಇಡಬೇಕು ಅಂತ ಹೇಳಿದ್ದಾರೆ. ಹಾಗಾಗಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟವರು ಊಟ ಆದಮೇಲೆ ನೋಡೋಣ ಅಂತ ಕೂರಬೇಡಿ, ಹತ್ತಿದ ಕೂಡಲೇ ಹಾಕಿ. ಮಲಗುವ ಮುಂಚೆ ತೆಗೆದು ದಿಂಬಿನ ಕೆಳಗಲ್ಲ, ಬ್ಯಾಗಿನೊಳಗೆ ಇಡಿ. ಚಾರ್ಜ್ ಆಗುತ್ತಿರುವ ಫೋನು ದಿಂಬಿನಡಿ ಬೇಡವೇ ಬೇಡ, ಬಿಸಿ ಹೊರಗೆ ಹೋಗಲು ಜಾಗ ಇರಲ್ಲ.

ಬಿಸಿ ಅಂದಾಗ ನಮ್ಮ ಬಿಸಿಲಿನ ಮಾತು ಬರಲೇಬೇಕು. ಆ್ಯಪಲ್ ತನ್ನ ಫೋನನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅನ್ನುತ್ತದೆ. ಮೇ ತಿಂಗಳ ರಾಯಚೂರಿಗೆ ಇದನ್ನು ಯಾರು ಹೇಳಬೇಕು! ನೆರಳಿನಲ್ಲೇ 40 ದಾಟಿರುತ್ತದೆ. ಬಸ್ಸಿನ ಕಿಟಕಿಯ ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಚಾರ್ಜ್ ಮಾಡಿದರೆ ಬ್ಯಾಟರಿಯ ಆಯಸ್ಸು ಬೇಗ ಇಳಿಯುತ್ತದೆ. ಕವರ್ ತೆಗೆದು, ನೆರಳಿನಲ್ಲಿಟ್ಟು ಹಾಕಿ. ಚಾರ್ಜ್ ತಾನಾಗಿ ನಿಂತರೆ ಚಾರ್ಜರ್ ಕೆಟ್ಟಿದೆ ಅಂತಲ್ಲ, ಫೋನ್ ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ. ತಣ್ಣಗಾಗಲು ಬಿಡಿ, ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಬ್ಯಾಟರಿ ಉಬ್ಬಿ ಹಿಂದಿನ ಕವಚ ಎದ್ದಿದ್ದರೆ ಆ ಫೋನನ್ನು ಚಾರ್ಜಿಗೇ ಹಾಕಬೇಡಿ.

ಅನುಮಾನ ಬಂದರೆ

ಅಲೋ ಒತ್ತಿಬಿಟ್ಟೆ, ಏನೋ ಸರಿ ಇಲ್ಲ ಅನ್ನಿಸುತ್ತಿದೆ. ಆಗ ಮೊಬೈಲ್ ಡೇಟಾ, ವೈಫೈ ಎರಡೂ ಬಂದ್ ಮಾಡಿ. ಐಫೋನ್ ಆದರೆ ಜನರಲ್ ಒಳಗಿನ ರಿಸೆಟ್‌ನಲ್ಲಿ ‘ರಿಸೆಟ್ ಲೊಕೇಶನ್ ಅಂಡ್ ಪ್ರೈವಸಿ’ ಒತ್ತಿದರೆ ಹಿಂದೆ ನಂಬಿದ ಕಂಪ್ಯೂಟರುಗಳನ್ನೆಲ್ಲ ಮರೆಯುತ್ತದೆ. ಆಂಡ್ರಾಯ್ಡ್ ಆದರೆ ಮೇಲೆ ಹೇಳಿದ ರಿವೋಕ್. ಆಮೇಲೆ ಆ್ಯಪುಗಳ ಪೂರ್ತಿ ಪಟ್ಟಿ ತೆಗೆದು ನೀವು ಹಾಕದ್ದು ಏನಾದರೂ ಇದೆಯಾ ನೋಡಿ. ಆಕ್ಸೆಸಿಬಿಲಿಟಿ ಮತ್ತು ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಒಳಗೂ ಇಣುಕಿ, ಕಳ್ಳ ಆ್ಯಪುಗಳು ಅಲ್ಲೇ ಕೂತಿರುತ್ತವೆ. ಅಲ್ಲಿ ಮೊದಲು ಅನುಮತಿ ತೆಗೆದರೆ ಮಾತ್ರ ಅನ್‌ಇನ್‌ಸ್ಟಾಲ್ ಆಗುತ್ತವೆ. ಇದೆಲ್ಲ ಆದಮೇಲೆ ನೆಟ್ ಆನ್ ಮಾಡಿ ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್ ಸ್ಕ್ಯಾನ್ ಓಡಿಸಿ. ಜಿಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನಿನಿಂದ, ಇದರಿಂದಲ್ಲ. ಆದರೂ ಸಮಾಧಾನ ಇಲ್ಲ ಅಂದರೆ ಫೋಟೊ ಬ್ಯಾಕಪ್ ತೆಗೆದು ಫ್ಯಾಕ್ಟರಿ ರಿಸೆಟ್.

ಇಲ್ಲೊಂದು ಮಾತು ಹೇಳಲೇಬೇಕು. ಚಾರ್ಜರ್‌ಗೆ ಹೆದರುವ ಎಷ್ಟೋ ಜನ ವಾಟ್ಸಾಪ್‌ನಲ್ಲಿ ಬಂದ ‘ಮದುವೆ ಕರೆಯೋಲೆ.ಎಪಿಕೆ’, ‘ಆರ್‌ಟಿಒ ಚಲನ್.ಎಪಿಕೆ’ ಫೈಲನ್ನು ಹಿಂದೆಮುಂದೆ ನೋಡದೆ ಒತ್ತಿ ಇನ್‌ಸ್ಟಾಲ್ ಮಾಡುತ್ತಾರೆ. ಓಟಿಪಿ ಕದಿಯುವವರು ಕೇಬಲ್ಲಿಗೆ ಕಾಯಲ್ಲ, ಹೀಗೆ ಮನೆಗೇ ಬರುತ್ತಾರೆ. ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಅಳಿಸಿ.

ದುಡ್ಡು ಹೋಗಿದ್ದರೆ ಯಾರನ್ನೂ ಕೇಳುತ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲೇ. ಜೊತೆಗೆ ಬ್ಯಾಂಕಿಗೂ ಹೇಳಿ, ವ್ಯವಹಾರದ ಮೆಸೇಜಿನಲ್ಲಿರುವ ನಂಬರ್ ಬರೆದಿಟ್ಟುಕೊಳ್ಳಿ.

ಫೋನೇ ಕಳುವಾಗಿದ್ದರೆ ಮೊದಲು ಬೇರೆ ಫೋನಿನಿಂದ ಕಸ್ಟಮರ್ ಕೇರ್‌ಗೆ ಹೇಳಿ ಸಿಮ್ ಬ್ಲಾಕ್ ಮಾಡಿಸಿ. ಗೂಗಲ್‌ನ ಫೈಂಡ್ ಸೇವೆಯಲ್ಲೋ ಆ್ಯಪಲ್‌ನ ಫೈಂಡ್ ಮೈನಲ್ಲೋ ಲಾಗಿನ್ ಆಗಿ ಫೋನ್ ಲಾಕ್ ಮಾಡಿ. ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಸಿದುಕೊಳ್ಳಿ. ಅದೇ ನಂಬರಿನ ಹೊಸ ಸಿಮ್ ಬಂದ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ, ಕಳೆದ ಫೋನ್ ಬ್ಲಾಕ್ ಮಾಡುವ ಸಿಇಐಆರ್ ವಿಭಾಗದಲ್ಲಿ ದೂರಿನ ಪ್ರತಿ, ಗುರುತಿನ ಚೀಟಿ, ಹಾಳೆ ಮೇಲೆ ಬರೆದಿಟ್ಟ ಐಎಂಇಐ ಹಾಕಿ ಫೋನ್ ಬ್ಲಾಕ್ ಮಾಡಿಸಿ. ಆಮೇಲೆ ದೇಶದ ಯಾವ ನೆಟ್‌ವರ್ಕಿನಲ್ಲೂ ಅದು ನಡೆಯಲ್ಲ. ಆಗ ಒಂದು ರಿಕ್ವೆಸ್ಟ್ ಐಡಿ ಕೊಡುತ್ತಾರೆ, ಜೋಪಾನವಾಗಿಡಿ. ಫೋನ್ ವಾಪಸ್ ಸಿಕ್ಕರೆ ಅನ್‌ಬ್ಲಾಕ್ ಮಾಡಿಸುವಾಗ ಅದನ್ನೇ ಕೇಳುತ್ತಾರೆ.